ಮುಳ್ಳು ತೆಗೆದ ಮೇಲೆ

1882ರ ಚಳಿಗಾಲದ ಒಂದು ದಿನ ಸಿಸಿಲಿ ದ್ವೀಪದ ಮೆಸ್ಸಿನಾ ಊರಿನ ಮನೆಯೊಂದರಲ್ಲಿ ಇಲ್ಯಾ ಮೆಚ್ನಿಕಾಫ್ ಒಬ್ಬರೇ ಉಳಿದಿದ್ದರು. ಮನೆಮಂದಿಯೆಲ್ಲ ಸರ್ಕಸ್ಸಿನ ಕೋತಿಗಳ ಆಟ ನೋಡಲು ಹೋಗಿದ್ದರು. ಒಡೆಸ್ಸಾ ವಿಶ್ವವಿದ್ಯಾಲಯದ ಗಲಭೆಗಳಿಗೆ ರೋಸಿ ಕೆಲಸ ಬಿಟ್ಟು ಬಂದಿದ್ದ ಈ ಪ್ರಾಣಿವಿಜ್ಞಾನಿಯ ಸೂಕ್ಷ್ಮದರ್ಶಕದಡಿ ನಕ್ಷತ್ರಮೀನಿನ ಮರಿಯಿತ್ತು. ಅದರ ಮೈ ಪಾರದರ್ಶಕವಾದ್ದರಿಂದ ಒಳಗೆ ಅಲೆದಾಡುವ ಕೋಶಗಳು ನಿಚ್ಚಳವಾಗಿ ಕಾಣುತ್ತಿದ್ದವು. ಆಹಾರದ ಕಣಗಳನ್ನು ನುಂಗುವ ಇಂಥ ಕೋಶಗಳು, ಹೊರಗಿನದೇನಾದರೂ ಮೈಗೆ ಹೊಕ್ಕರೆ ಅದರತ್ತಲೂ ಧಾವಿಸಬೇಕಲ್ಲವೇ ಎಂದು ಅವರಿಗೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ಕಿತ್ತು ತಂದು ಮರಿಯ ಚರ್ಮದಡಿ ತೂರಿಸಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು.

ಅಲ್ಲಿಯವರೆಗೆ ವೈದ್ಯರ ನಂಬಿಕೆ ಬೇರೆಯೇ ಇತ್ತು. ಕೀವಿನಲ್ಲಿ ಕಾಣುವ ಬಿಳಿ ರಕ್ತಕಣಗಳು ರೋಗಾಣುಗಳನ್ನು ಮೈಯೆಲ್ಲ ಹೊತ್ತು ತಿರುಗುತ್ತವೆ ಎಂದು ಹಲವರು ತಿಳಿದಿದ್ದರು. ಉರಿಯೂತವೆಂದರೆ ಕೇಡು, ಅದನ್ನು ಅಡಗಿಸಬೇಕು ಎಂಬುದೇ ವಾಡಿಕೆಯ ಮಾತು. ಮೆಚ್ನಿಕಾಫ್ ಇದನ್ನು ತಿರುವಿ ಹಾಕಿದರು. ಉರಿಯೂತ ರೋಗವಲ್ಲ, ದೇಹ ತನ್ನನ್ನು ಉಳಿಸಿಕೊಳ್ಳಲು ಮಾಡುವ ಪ್ರಯತ್ನ ಎಂದರು. ರೋಗನಿರೋಧಕ ಶಕ್ತಿ ಇರುವುದು ಕೋಶದಲ್ಲೋ ರಕ್ತದ ದ್ರವದಲ್ಲೋ ಎಂದು ಜರ್ಮನಿಯ ವಿಜ್ಞಾನಿಗಳೊಡನೆ ಅವರಿಗೆ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ 1908ರ ನೊಬೆಲ್ ಪ್ರಶಸ್ತಿಯನ್ನು ಅವರಿಗೂ ಎದುರು ಪಕ್ಷದ ಪಾಲ್ ಎರ್ಲಿಖ್ ಅವರಿಗೂ ಹಂಚಿದರು. ಇಬ್ಬರೂ ಸರಿಯಾಗಿದ್ದರು.

ಮುಳ್ಳು ಚುಚ್ಚಿದ ಕ್ಷಣದಿಂದ ಏನೇನು ನಡೆಯುತ್ತದೆ ಎಂಬುದು ಇಂದು ಇನ್ನಷ್ಟು ವಿವರವಾಗಿ ಗೊತ್ತಿದೆ. ಚರ್ಮದಡಿಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗಿ ಜಾಗ ಕೆಂಪೇರುತ್ತದೆ, ಬಿಸಿಯಾಗುತ್ತದೆ. ನಾಳದ ಗೋಡೆ ಸಡಿಲಗೊಂಡು ದ್ರವ ಹೊರಗೆ ಜಿನುಗಿ ಬಾವು ಬರುತ್ತದೆ. ಪ್ರೋಸ್ಟಾಗ್ಲಾಂಡಿನ್ ಎಂಬ ಕೊಬ್ಬಿನ ಮೂಲದ ರಾಸಾಯನಿಕ ನರದ ತುದಿಗಳನ್ನು ಕೆರಳಿಸಿ ಮುಟ್ಟಿದರೆ ಜೀವ ಹಿಂಡುವಂಥ ನೋವು ತರುತ್ತದೆ. ಕೆಂಪು, ಬಾವು, ಬಿಸಿ, ನೋವು ಈ ನಾಲ್ಕನ್ನೂ ರೋಮಿನ ಸೆಲ್ಸಸ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು. ಅವು ಯಾತಕ್ಕೆ ಬರುತ್ತವೆ ಎಂದು ತಿಳಿಯಲು ಇಷ್ಟು ಕಾಲ ಬೇಕಾಯಿತು.

ಹಿಗ್ಗಿದ ನಾಳಗಳಿಂದ ಮೊದಲು ಹೊರಗೆ ನುಸುಳುವವು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು. ನಮ್ಮ ಮೂಳೆಯೊಳಗಿನ ಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ಅವುಗಳ ಆಯುಷ್ಯ ಅಲ್ಪ. ಬಂದವು ರೋಗಾಣುವನ್ನು ನುಂಗುತ್ತವೆ, ಅದನ್ನು ಸುಡುವ ಆಮ್ಲಜನಕದ ಸಂಯುಕ್ತಗಳನ್ನು ಕಾರುತ್ತವೆ, ಮಾಂಸವನ್ನೇ ಕರಗಿಸುವ ಕಿಣ್ವಗಳನ್ನು ಚೆಲ್ಲುತ್ತವೆ. ಕೆಲವು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸಿ ಸಾಯುತ್ತವೆ. ಇದು 2004ರಲ್ಲಿ ಬರ್ಲಿನ್ನಿನಲ್ಲಿ ಕಂಡುಕೊಂಡ ಸಂಗತಿ. ಆದರೆ ಸುಡುವ ವಸ್ತುವಿಗೆ ರೋಗಾಣು ಯಾವುದು, ನಮ್ಮ ಸ್ನಾಯು ಯಾವುದು ಎಂಬ ಭೇದವಿಲ್ಲ. ರಕ್ಷಣೆಗೆ ಬಂದದ್ದೇ ಮನೆಯನ್ನೂ ಸ್ವಲ್ಪ ಸುಡುತ್ತದೆ. ಹಾನಿಯಿಲ್ಲದ ರಕ್ಷಣೆ ದೇಹದಲ್ಲಿ ಇಲ್ಲ.

ನಮ್ಮ ಮಕ್ಕಳಿಗೆ ಇದನ್ನೆಲ್ಲ ಸೈನ್ಯದ ಕಥೆಯಾಗಿ ಹೇಳುತ್ತೇವೆ. ಬಿಳಿ ರಕ್ತಕಣಗಳು ಸೈನಿಕರು, ರೋಗಾಣುಗಳು ಶತ್ರುಗಳು, ಜ್ವರವೆಂದರೆ ಯುದ್ಧ. ಶಾಲೆಯ ಪುಸ್ತಕಕ್ಕೆ ಇದು ಸುಲಭ. ಆದರೆ ಈ ಕಥೆ ಗೆಲುವಿನ ಹತ್ತಿರ ಬಂದು ನಿಂತುಬಿಡುತ್ತದೆ. ರೋಗಾಣು ಸತ್ತಿತು, ಇನ್ನೇನು, ಮುಗಿಯಿತು ಎನ್ನುತ್ತದೆ. ಮುಗಿಯುವುದಿಲ್ಲ ಎಂಬುದನ್ನೇ ನಾನು ಇಲ್ಲಿ ಹೇಳಬೇಕೆಂದಿರುವುದು.

ಬಹಳ ಕಾಲ ವಿಜ್ಞಾನಿಗಳೂ ಹಾಗೆಯೇ ಎಣಿಸಿದ್ದರು. ಕೆರಳಿಸಿದ ರಾಸಾಯನಿಕಗಳು ತಾವಾಗಿ ಕರಗಿ ಹೋಗುತ್ತವೆ, ಉರಿಯೂತ ಸೌದೆ ತೀರಿದ ಒಲೆಯಂತೆ ಆರುತ್ತದೆ ಎಂದು. ಹಾರ್ವರ್ಡ್‌ನ ಚಾರ್ಲ್ಸ್ ಸೆರ್ಹಾನ್ ಮತ್ತು ಅವರ ಜೊತೆಗಾರರು 1980ರ ದಶಕದಿಂದ ಮಾಡಿದ ಕೆಲಸ ಈ ಎಣಿಕೆಯನ್ನು ಕೆಡವಿತು. ಉರಿಯೂತ ತಾನಾಗಿ ಆರುವುದಿಲ್ಲ, ಅದನ್ನು ದೇಹವೇ ಆರಿಸುತ್ತದೆ. ಅದಕ್ಕೆ ಬೇರೆಯೇ ರಾಸಾಯನಿಕಗಳಿವೆ. ಲಿಪಾಕ್ಸಿನ್, ರಿಸಾಲ್ವಿನ್ ಎಂದು ಅವುಗಳಿಗೆ ಹೆಸರು. ಆರಿಸುವವರು ಬೇರೆ ಎಲ್ಲಿಂದಲೋ ಬರುವುದಿಲ್ಲ ಎಂಬುದು ನನ್ನನ್ನು ಬೆರಗಾಗಿಸಿದ ಸಂಗತಿ. ಕೆರಳಿಸುವ ರಾಸಾಯನಿಕಗಳನ್ನು ತಯಾರಿಸುತ್ತಿದ್ದ ಅದೇ ನ್ಯೂಟ್ರೋಫಿಲ್ ಕೆಲಹೊತ್ತಿನ ಬಳಿಕ ಅದನ್ನು ನಿಲ್ಲಿಸಿ ಶಮನದ ರಾಸಾಯನಿಕಗಳನ್ನು ತಯಾರಿಸಲು ತೊಡಗುತ್ತದೆ. ಹಾಗೆ ಹೊರಳಲು ಅದಕ್ಕೆ ಸೂಚನೆ ಕೊಡುವುದು ಯಾವುದು? ಮೊದಲ ಗಳಿಗೆಯಲ್ಲಿ ಬಾವು, ನೋವು ತಂದ ಅದೇ ಪ್ರೋಸ್ಟಾಗ್ಲಾಂಡಿನ್. ಶುರುಮಾಡುವಾಗಲೇ ಮುಗಿಸುವ ಏರ್ಪಾಡನ್ನೂ ದೇಹ ಮಾಡಿಟ್ಟಿರುತ್ತದೆ. ಸಿಟ್ಟಿಗೆದ್ದ ಮನುಷ್ಯ ಹೀಗೆ ಯೋಚಿಸಿದ್ದನ್ನು ನಾನು ಅಪರೂಪಕ್ಕೂ ಕಂಡಿಲ್ಲ.

ಆಮೇಲೆ ಬರುವವು ಮ್ಯಾಕ್ರೋಫೇಜ್‌ಗಳು, ದೊಡ್ಡ ಭಕ್ಷಕ ಕೋಶಗಳು. ಮದುವೆಮನೆಯಲ್ಲಿ ಊಟ ಮುಗಿದು ನೆಂಟರೆಲ್ಲ ಅಡಿಕೆಲೆ ಹಾಕಿಕೊಂಡು ಹೊರಟಮೇಲೆ ಎಂಜಲೆಲೆ ಎತ್ತಿ ನೆಲ ಸಾರಿಸಲು ಉಳಿಯುವವರಿದ್ದಾರಲ್ಲ, ಹಾಗೆ. ಸತ್ತ ನ್ಯೂಟ್ರೋಫಿಲ್‌ಗಳನ್ನು ಅವು ಒಂದೊಂದಾಗಿ ನುಂಗುತ್ತವೆ. ಈ ನುಂಗುವಿಕೆ ಅವುಗಳನ್ನೇ ಬದಲಿಸುತ್ತದೆ. ರೋಗಾಣುವನ್ನು ನುಂಗಿದ ಮ್ಯಾಕ್ರೋಫೇಜ್ ಇನ್ನಷ್ಟು ಕೋಶಗಳನ್ನು ಕೂಗಿ ಕರೆಯುತ್ತದೆ. ನಮ್ಮದೇ ಸತ್ತ ಕೋಶವನ್ನು ನುಂಗಿದ ಮ್ಯಾಕ್ರೋಫೇಜ್ ಸುತ್ತಲಿನವುಗಳನ್ನು ಸುಮ್ಮನಾಗಿಸುವ ಸಂಕೇತ ಹೊರಡಿಸುತ್ತದೆ, ಹರಿದ ಜಾಗಕ್ಕೆ ಹೊಸ ನಾಳ, ಹೊಸ ಚರ್ಮ ಬೆಳೆಯಲು ನೆರವಾಗುತ್ತದೆ. ನಮ್ಮವರಲ್ಲಿ ಸತ್ತವರು ಯಾರು ಎಂದು ಮುಟ್ಟಿ ನೋಡಿದ ಮೇಲೆ ಕೆಲಸದ ದಿಕ್ಕೇ ಬೇರೆಯಾಗುತ್ತದೆ. ಈ ಎತ್ತುವ ಕೆಲಸ ಅರ್ಧಕ್ಕೆ ನಿಂತರೆ ಸತ್ತ ಕಣಗಳು ಒಡೆದು ಒಳಗಿನ ಕಿಣ್ವಗಳು ಹೊರಚೆಲ್ಲಿ ಉರಿಯೂತ ಮತ್ತೆ ಹೊತ್ತಿಕೊಳ್ಳುತ್ತದೆ.

ತಡೆಯುವುದನ್ನೇ ಕಸುಬಾಗಿಸಿಕೊಂಡ ಕೋಶಗಳೂ ಇವೆ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಅವುಗಳನ್ನು ಗುರುತಿಸಿದಾಗ ಬಹುಪಾಲು ವಿಜ್ಞಾನಿಗಳಿಗೆ ನಂಬಿಕೆ ಬರಲಿಲ್ಲ. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಒಂದು ತಳಿಯ ಇಲಿಮರಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಏಕೆ ಸಾಯುತ್ತವೆ ಎಂದು ಹುಡುಕುತ್ತ ಒಂದು ಜೀನಿನ ದೋಷವನ್ನು ಹಿಡಿದರು. ತಡೆಯುವ ಕೋಶಗಳು ರೂಪುಗೊಳ್ಳಲು ಆ ಜೀನು ಬೇಕು. ಅದು ಕೆಟ್ಟರೆ ರಕ್ಷಕ ಕೋಶಗಳು ತಮ್ಮದೇ ದೇಹವನ್ನು ತಿನ್ನುತ್ತವೆ. ಅದೇ ದೋಷದೊಂದಿಗೆ ಹುಟ್ಟುವ ಗಂಡುಮಕ್ಕಳು ಹಸುಗೂಸಾಗಿರುವಾಗಲೇ ನರಳುತ್ತಾರೆ. ಈ ಮೂವರಿಗೂ 2025ರ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ನಾಡಿಗೆ ಕೈ ತಡೆದವನ ಕಥೆ ಹೊಸತಲ್ಲ. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಬಾಹುಬಲಿ ಅಣ್ಣನನ್ನು ಗೆದ್ದ ಗಳಿಗೆಯಲ್ಲೇ ಗೆಲುವಿಗೆ ಹೇಸಿ, ರಾಜ್ಯ ಬಿಟ್ಟು ಹೊರಡುತ್ತಾನೆ. ಶ್ರವಣಬೆಳಗೊಳದ ಬೆಟ್ಟ ಹತ್ತಿದವರು ಯಾರೂ ಆ ನಿಲುವನ್ನು ಮರೆಯುವುದಿಲ್ಲ. ನಾನು ಆ ತ್ಯಾಗವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ದೇಹಕ್ಕೆ ಕಾಡಿಗೆ ಹೋಗುವ ದಾರಿಯಿಲ್ಲ. ಜಗಳವಾದ ಜಾಗದಲ್ಲೇ ಅದು ಇರಬೇಕು, ಅಲ್ಲಿಯೇ ರಕ್ತ ಹರಿಯಬೇಕು, ಅದೇ ಬೆರಳಿನಿಂದ ನಾಳೆ ಕೆಲಸ ಮಾಡಬೇಕು. ನಮ್ಮಲ್ಲಿ ಬಹುತೇಕರ ಸ್ಥಿತಿಯೂ ಇದೇ. ಜಗಳವಾಡಿದ ಅಣ್ಣನ ಮನೆಯ ಪಕ್ಕದಲ್ಲೇ ನಮ್ಮ ಮನೆಯಿರುತ್ತದೆ; ಹೊಲಕ್ಕೆ ನೀರು ಅದೇ ಕಾಲುವೆಯಿಂದ ಬರಬೇಕು. ಕೈ ತಡೆದರೆ ಸಾಲದು, ಆಮೇಲಿನ ಕೆಲಸವನ್ನೂ ಮಾಡಬೇಕು.

ಶಮನವೆಂದರೆ ಮರೆವಲ್ಲ ಎಂಬುದನ್ನೂ ದೇಹವೇ ತೋರಿಸುತ್ತದೆ. 1846ರಲ್ಲಿ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿ, ಸುಮಾರು ಏಳೂ ಮುಕ್ಕಾಲು ಸಾವಿರ ಜನರಲ್ಲಿ ಆರು ಸಾವಿರದಷ್ಟು ಮಂದಿ ಮಲಗಿದರು. ಡೆನ್ಮಾರ್ಕಿನಿಂದ ಹೋದ ಪೀಟರ್ ಪ್ಯಾನಮ್ ಎಂಬ ಎಳೆಯ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿದರು. ಅಲ್ಲಿಗೆ ಹಿಂದೊಮ್ಮೆ ದಡಾರ ಬಂದದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ಬೇನೆ ಕಂಡು ಬದುಕಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ಅದು ಮರುಕಳಿಸಲಿಲ್ಲ. ಅರವತ್ತೈದು ವರ್ಷ ದೇಹ ನೆನಪಿಟ್ಟುಕೊಂಡಿತ್ತು, ಆದರೆ ಉರಿದುಕೊಂಡಿರಲಿಲ್ಲ. ಕ್ಷಮಿಸು ಎಂದು ಹೇಳುವವರು ಮರೆತುಬಿಡು ಎಂದೂ ಸೇರಿಸುತ್ತಾರೆ. ನೊಂದವರಿಗೆ ಎರಡನೆಯದು ಅವಮಾನದಂತೆ ಕೇಳಿಸುತ್ತದೆ. ನೆನಪು ಬೇರೆ, ಉರಿ ಬೇರೆ. ಒಂದನ್ನು ಇಟ್ಟುಕೊಂಡೇ ಇನ್ನೊಂದನ್ನು ಬಿಡಬಹುದು.

ಇಲ್ಲಿಯವರೆಗೆ ಓದಿದವರು ನಾನು ಸಿಟ್ಟನ್ನು ಬೇಗ ಬಿಡಿ ಎನ್ನುತ್ತಿದ್ದೇನೆ ಎಂದುಕೊಂಡರೆ ಅದು ಸರಿಯಲ್ಲ. ಮುಳ್ಳು ಒಳಗೇ ಇದ್ದರೆ ಶಮನವಿಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಕೋವಿಡ್ ರೋಗಿಗಳ ಬಗ್ಗೆ ಒಂದು ವಿಷಯ ಹೇಳಿತು. ವೆಂಟಿಲೇಟರ್ ಮೇಲಿದ್ದವರಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಕೊಟ್ಟಾಗ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತು. ಅವರ ಶ್ವಾಸಕೋಶವನ್ನು ಆ ಹೊತ್ತಿಗೆ ಹಾಳುಮಾಡುತ್ತಿದ್ದುದು ವೈರಸ್ಸಿಗಿಂತ ಹೆಚ್ಚಾಗಿ ಅವರದೇ ಉರಿಯೂತ. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದ ರೋಗಿಗಳಿಗೆ ಅದೇ ಔಷಧಿಯಿಂದ ಯಾವ ಲಾಭವೂ ಕಾಣಲಿಲ್ಲ. ದೇಹ ಇನ್ನೂ ವೈರಸ್ಸಿನೊಡನೆ ಗುದ್ದಾಡುತ್ತಿರುವಾಗ ಅದರ ಕೈ ಕಟ್ಟುವುದು ಉಪಕಾರವಲ್ಲ. 2021ರ ಎರಡನೇ ಅಲೆಯಲ್ಲಿ ಈ ಮಾತು ನಮ್ಮ ಊರುಗಳಲ್ಲಿ ಗಾಳಿಗೆ ಹೋಯಿತು. ಜ್ವರ ಬಂದ ಮೊದಲ ದಿನವೇ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ತಂದು ನುಂಗಿದವರಿದ್ದರು. ಆಮೇಲೆ ಬಂದ ಕಪ್ಪು ಶಿಲೀಂಧ್ರಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ಅಳತೆ ಮೀರಿದ ಸ್ಟಿರಾಯ್ಡೂ ದಾರಿ ಮಾಡಿಕೊಟ್ಟಿತು.

ಕ್ಷಯದ ವಿಷಯದಲ್ಲೂ ಹೀಗೆಯೇ. ಕ್ಷಯದ ರೋಗಾಣುವನ್ನು ಕೊಲ್ಲಲಾಗದಾಗ ದೇಹ ಅದರ ಸುತ್ತ ಕೋಶಗಳ ಗೋಡೆ ಕಟ್ಟುತ್ತದೆ. ಒಳಗೆ ರೋಗಾಣು ಜೀವಂತ, ಹೊರಗೆ ಮನುಷ್ಯ ಆರೋಗ್ಯವಂತ. ಹೀಗೆ ಜೀವಮಾನವಿಡೀ ಕಳೆಯುವವರು ನಮ್ಮ ದೇಶದಲ್ಲಿ ಕೋಟ್ಯಂತರ. ಸಂಧಿವಾತದ ಉರಿಯೂತ ತಗ್ಗಿಸಲು ಟಿಎನ್‌ಎಫ್ ಎಂಬ ಸಂಕೇತವನ್ನು ತಡೆಯುವ ಔಷಧಿ ಬಂದಾಗ, ಕೆಲವು ರೋಗಿಗಳಲ್ಲಿ ಕೀಲು ಸುಧಾರಿಸಿತು, ಕ್ಷಯ ಎದ್ದು ಕೂತಿತು. ಗೋಡೆಯನ್ನು ನಿಲ್ಲಿಸಿದ್ದುದೂ ಅದೇ ಟಿಎನ್‌ಎಫ್. ಈಗ ಆ ಔಷಧಿ ಕೊಡುವ ಮೊದಲು ಕ್ಷಯಕ್ಕೆ ಪರೀಕ್ಷೆ ಮಾಡುತ್ತಾರೆ.

ಇದನ್ನು ಓದುವಾಗ ನನಗೆ ನಮ್ಮ ಊರುಗಳ ರಾಜಿ ಪಂಚಾಯ್ತಿಗಳು ಕಣ್ಣ ಮುಂದೆ ಬರುತ್ತವೆ. ಕೇರಿಯ ಹುಡುಗನಿಗೆ ಹೊಡೆದಾಗ, ಹೆಂಡತಿಯನ್ನು ಹೊರದಬ್ಬಿದಾಗ, ಕೂಲಿ ಕೊಡದೆ ಸತಾಯಿಸಿದಾಗ, ಮೊದಲ ದಿನವೇ ಹಿರಿಯರು ಬಂದು ಕೂರುತ್ತಾರೆ. ಸಮಾಧಾನದ ಮಾತು ಹೇಳುವುದು ಹೊಡೆದವನಿಗಲ್ಲ, ಹೊಡೆಸಿಕೊಂಡವನಿಗೆ. ಹೋಗಲಿ ಬಿಡಪ್ಪ, ಊರಲ್ಲಿ ಒಟ್ಟಿಗೆ ಬಾಳಬೇಕಲ್ಲ ಎಂದು. ಅದು ಶಮನವಲ್ಲ. ಮುಳ್ಳು ಒಳಗೆ ಉಳಿಸಿ ಮೇಲೆ ಬಟ್ಟೆ ಕಟ್ಟುವುದು. ಒಳಗೆ ಕೀವು ಕಟ್ಟುವುದನ್ನು ಆ ಹಿರಿಯರು ನೋಡುವುದಿಲ್ಲ, ಅದನ್ನು ನೋಡಬೇಕಾದವರು ಆ ಮನೆಯವರು ಮಾತ್ರ. ನ್ಯಾಯಕ್ಕಾಗಿ ಎದ್ದ ಸಿಟ್ಟನ್ನು ನಾನು ಕಾಯಿಲೆ ಎನ್ನಲಾರೆ.

ಮುಳ್ಳು ಹೋದ ಮೇಲೂ ನಿಲ್ಲದ ಉರಿ ಹೇಗಿರುತ್ತದೆ ಎಂಬುದಕ್ಕೆ ಕುಷ್ಠರೋಗದಷ್ಟು ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ನಾರ್ವೆಯ ಬರ್ಗೆನ್ನಿನಲ್ಲಿ ಹಾನ್ಸೆನ್ 1873ರಲ್ಲಿ ಕಂಡುಹಿಡಿದ ಅದರ ರೋಗಾಣು ತೀರ ಸಾವಕಾಶದ್ದು. ಒಂದು ಎರಡಾಗಲು ಸುಮಾರು ಹನ್ನೆರಡರಿಂದ ಹದಿನಾಲ್ಕು ದಿನ ಬೇಕು. ಹೆಚ್ಚಿನವರ ದೇಹ ಅದನ್ನು ಬೇರೂರಲು ಬಿಡುವುದೇ ಇಲ್ಲ. ಬೇರೂರಿದವರಲ್ಲಿ ಎರಡು ತುದಿಗಳಿವೆ. ಒಂದು ತುದಿಯಲ್ಲಿ ದೇಹ ಅದನ್ನು ಎದುರಿಸುವುದೇ ಇಲ್ಲ. ಚರ್ಮದ ತುಂಬ ರೋಗಾಣುಗಳು ಕೋಟಿಗಟ್ಟಲೆ ತುಂಬಿಕೊಳ್ಳುತ್ತವೆ. ಇನ್ನೊಂದು ತುದಿಯಲ್ಲಿ ದೇಹ ಎಷ್ಟು ಉಗ್ರವಾಗಿ ಎದುರಿಸುತ್ತದೆಂದರೆ ಹುಡುಕಿದರೂ ರೋಗಾಣು ಸಿಗುವುದು ಕಷ್ಟ, ಆದರೆ ಅದು ಅಡಗಿದ್ದ ನರ ಆ ಕಾದಾಟದಲ್ಲಿ ಹಾಳಾಗಿರುತ್ತದೆ. ಮೌನವೂ ಕೆಡಿಸಿತು, ಉಗ್ರತೆಯೂ ಕೆಡಿಸಿತು. ಹೆಚ್ಚಿನ ರೋಗಿಗಳು ಈ ಎರಡರ ನಡುವೆ ಎಲ್ಲೋ ಇರುತ್ತಾರೆ.

ನರ ಸತ್ತರೆ ನೋವು ತಿಳಿಯುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು, ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುವುದಿಲ್ಲ ಎಂದು ತೋರಿಸಿದರು. ಬಿಸಿ ಪಾತ್ರೆ ಹಿಡಿದರೂ ಸುಡುವುದು ಗೊತ್ತಾಗದೆ, ಕಾಲಿಗೆ ಮೊಳೆ ಹೊಕ್ಕರೂ ತಿಳಿಯದೆ ಆದ ಗಾಯಗಳು ಅವು. ಸೆಲ್ಸಸ್ ಬರೆದಿಟ್ಟ ನಾಲ್ಕರಲ್ಲಿ ನೋವು ಎಷ್ಟು ದೊಡ್ಡ ಆಸರೆ ಎಂದು ಅದನ್ನು ಕಳೆದುಕೊಂಡವರ ಕೈ ನೋಡಿದರೆ ತಿಳಿಯುತ್ತದೆ. ಬ್ರಾಂಡ್ ಸ್ನಾಯುರಜ್ಜುಗಳನ್ನು ಬೇರೆಡೆಯಿಂದ ತಂದು ಜೋಡಿಸಿ ಮುರುಟಿದ ಕೈಗಳನ್ನು ಮತ್ತೆ ದುಡಿಯುವ ಕೈಗಳಾಗಿಸಿದರು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇಂದು ಆರು ತಿಂಗಳೋ ಒಂದು ವರ್ಷವೋ ಮಾತ್ರೆ ನುಂಗಿದರೆ ರೋಗ ವಾಸಿ. ಶುರುಮಾಡಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಆದರೂ ಕೆಲವರಿಗೆ ಚಿಕಿತ್ಸೆ ನಡೆಯುತ್ತಿರುವಾಗ, ಕೆಲವರಿಗೆ ಮುಗಿದು ತಿಂಗಳುಗಳಾದ ಮೇಲೆ, ಹಳೆಯ ಮಚ್ಚೆಗಳು ಇದ್ದಕ್ಕಿದ್ದಂತೆ ಕೆಂಪೇರಿ ಊದಿಕೊಳ್ಳುತ್ತವೆ, ನರ ದಪ್ಪಗಾಗಿ ನೋಯುತ್ತದೆ, ಕೆಲವೇ ದಿನಗಳಲ್ಲಿ ಕೈಯ ಬಲ ಹೋಗುತ್ತದೆ. ಮಾತ್ರೆ ತಿಂದೇ ಹೀಗಾಯಿತು ಎಂದು ರೋಗಿ ಚಿಕಿತ್ಸೆ ಬಿಡಲು ಹೊರಡುತ್ತಾನೆ. ನಡೆಯುತ್ತಿರುವುದು ಬೇರೆ. ರೋಗಾಣುಗಳು ಸತ್ತಿವೆ, ಅವುಗಳ ಚೂರುಗಳು ಅಂಗಾಂಶದಲ್ಲಿ ಉಳಿದಿವೆ, ದೇಹ ಆ ಚೂರುಗಳ ಮೇಲೆ ಏರಿ ಹೋಗುತ್ತಿದೆ. ಸತ್ತ ಶತ್ರುವಿನ ಮೇಲಿನ ಹಗೆಗೆ ಬದುಕಿರುವ ನರ ಬಲಿಯಾಗುತ್ತದೆ. ಇಲ್ಲಿ ತಡಮಾಡದೆ ಸ್ಟಿರಾಯ್ಡ್ ಕೊಡಬೇಕು, ಮಾತ್ರೆಯನ್ನೂ ಮುಂದುವರಿಸಬೇಕು. ಮೊದಲ ದಿನ ತಪ್ಪಾಗಿದ್ದ ಔಷಧಿ ಈ ಗಳಿಗೆಗೆ ಸರಿಯಾದದ್ದು. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಅಜ್ಜಂದಿರ ಕಾಲದ ಬದುವಿನ ತಕರಾರಿಗೆ ಮೊಮ್ಮಕ್ಕಳು ತಾರೀಖು ಎಣಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ರೋಗದ ಕಥೆಯಲ್ಲಿ ಇನ್ನೊಂದು ಉರಿಯೂತವೂ ಇದೆ, ಅದು ಊರಿನದು. ಭಯಪಟ್ಟ ಊರು ರೋಗಿಯನ್ನು ಹೊರಗೆ ಹಾಕಿತು. ಔಷಧಿಯಿಲ್ಲದ ಕಾಲದಲ್ಲಿ ಆ ಭಯವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಆ ಕ್ರೌರ್ಯವನ್ನಲ್ಲ. 1898ರ ಕಾಯಿದೆ ಬಡ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿತು. ಗಂಡ ಹೆಂಡತಿ ಬೇರಾಗಲು ಕುಷ್ಠ ಒಂದು ಕಾರಣವೆಂದು ವಿವಾಹ ಕಾಯಿದೆಗಳು ಒಪ್ಪಿದವು. ಔಷಧಿ ಬಂತು, ರೋಗ ವಾಸಿಯಾಗತೊಡಗಿತು. ಕಾಯಿದೆಗಳು ಹಾಗೆಯೇ ಉಳಿದವು. 1898ರ ಕಾಯಿದೆಯನ್ನು ತೆಗೆದುಹಾಕಿದ್ದು 2016ರಲ್ಲಿ. ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕುಷ್ಠವನ್ನು ಕೈಬಿಟ್ಟದ್ದು 2019ರಲ್ಲಿ. ಅಂದರೆ ಬಹುಔಷಧ ಚಿಕಿತ್ಸೆಯ ಶಿಫಾರಸು ಬಂದ ಮೇಲೂ ಮೂವತ್ತೆಂಟು ವರ್ಷ ನಮ್ಮ ಕಾನೂನು ಸತ್ತ ರೋಗಾಣುವಿನ ಚೂರುಗಳ ಮೇಲೆ ಏರಿ ಹೋಗುತ್ತಿತ್ತು. ಆ ವರ್ಷಗಳಲ್ಲಿ ಹೊರಬಿದ್ದ ಹೆಂಡತಿಯರ, ಬಿಟ್ಟುಹೋದ ಮಕ್ಕಳ ಲೆಕ್ಕ ಯಾವ ಗೆಜೆಟ್ಟಿನಲ್ಲೂ ಬರುವುದಿಲ್ಲ.

ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಇಂದು ಬಹಳ ಮಂದಿಗೆ ಒಂದು ಮೇಲ್ಸೇತುವೆಯ ಹೆಸರು. 1970ರ ದಶಕದಲ್ಲಿ ಅಲ್ಲಿ ಕುಷ್ಠರೋಗಿಗಳಿಗಾಗಿ ತೆರೆದ ಪುನರ್ವಸತಿ ಕೇಂದ್ರದ ಹೆಸರೂ ಅದೇ. ಅಂಥ ಕೇಂದ್ರಗಳಲ್ಲಿ, ಊರಾಚೆಯ ಕಾಲೊನಿಗಳಲ್ಲಿ, ವಾಸಿಯಾಗಿ ದಶಕಗಳೇ ಕಳೆದವರು ಈಗಲೂ ಇದ್ದಾರೆ. ರೋಗ ಹೋಗಿದೆ, ಮನೆಗೆ ಹೋಗಲು ಮನೆಯಿಲ್ಲ. ಅವರನ್ನು ನೋಡಿಕೊಳ್ಳುವ ದಾದಿಯರ, ಸಿಸ್ಟರುಗಳ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ದೇಹದಲ್ಲಿ ಉರಿಯನ್ನು ಆರಿಸುವುದು ಉರಿ ಹೊತ್ತಿಸಿದ ಕೋಶಗಳೇ. ಹೊರಗೆ ಹಾಕಿದ್ದು ಊರು, ಹಾಗಾಗಿ ಹೋಗಿ ಕರೆತರಬೇಕಾದದ್ದೂ ಊರೇ. ಕೆಲಸ ಏನೆಂದು ಕೇಳಿದರೆ ಹೇಳುವುದು ಕಷ್ಟವಲ್ಲ: ಪಡಿತರ ಚೀಟಿಯಲ್ಲಿ ಹೊಡೆದು ಹಾಕಿದ ಹೆಸರನ್ನು ಮತ್ತೆ ಬರೆಸುವುದು, ಪಹಣಿಯಲ್ಲಿ ಅವರ ಪಾಲನ್ನು ಅವರ ಹೆಸರಿಗೆ ತರುವುದು, ಅವರ ಮಗಳಿಗೆ ಸಂಬಂಧ ಕೇಳಿಕೊಂಡು ಹೋಗುವುದು.